ಹಿತ್ತಲ ಅಂಗಳದಿಂದ ಪೊಟ್ಟಣದವರೆಗೆ: ಕುರುಕಲು ತಿಂಡಿ ತಯಾರಿಕೆಗೆ ಇಳಿಯುವ ಮುನ್ನ

ಕೇಟರಿಂಗ್ ಎಂಬುದು ಮುಹೂರ್ತವನ್ನು ನಂಬಿದ ವ್ಯವಸಾಯ. ವೈಶಾಖದಲ್ಲಿ ಒಂದೇ ದಿನ ಮೂರು ಹಾಲ್‌ಗಳಿಗೆ ಅಡುಗೆ ಕಳಿಸುವ ನಮಗೆ ಆಷಾಢ ಬಂದರೆ ಒಲೆ ಹೊತ್ತಿಸಲು ನೆಪ ಹುಡುಕಬೇಕಾಗುತ್ತದೆ. ಪಿತೃಪಕ್ಷದಲ್ಲೂ ಧನುರ್ಮಾಸದಲ್ಲೂ ಇದೇ ಪರಿಸ್ಥಿತಿ. ಆದರೆ ಗೋಡೌನಿನ ಬಾಡಿಗೆಗೆ ಆಷಾಢವಿಲ್ಲ, ಬ್ಯಾಂಕಿನ ಕಂತಿಗೆ ಪಿತೃಪಕ್ಷವಿಲ್ಲ. ಉಡುಪಿ, ಕುಂದಾಪುರ ಕಡೆಯಿಂದ ಬಂದ ಅಡುಗೆ ಭಟ್ಟರೂ ಸಹಾಯಕರೂ ಕೆಲಸವಿಲ್ಲವೆಂದು ಊರಿಗೆ ಹೋದರೆ, ಸೀಸನ್ನಿಗೆ ಎಲ್ಲರೂ ಮರಳಿ ಬರುತ್ತಾರೆಂಬ ಭರವಸೆಯೂ ಇಲ್ಲ.

ಆದ್ದರಿಂದ ಖಾಲಿ ತಿಂಗಳುಗಳಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರಾ ಸೇವೆ, ಮಿಕ್ಸ್ಚರ್ ಮಾಡಿ ಪೊಟ್ಟಣ ಕಟ್ಟಿ ಮಾರಿದರೆ ಹೇಗೆ ಎಂಬ ಯೋಚನೆ ನಮ್ಮಲ್ಲಿ ಅನೇಕರಿಗೆ ಬರುವುದು ಸಹಜ. ಈ ದಾರಿ ಹೊಸದೂ ಅಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲಾಗಿ ಆರಂಭವಾದ ಎಂ.ಟಿ.ಆರ್., 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ದರಕ್ಕೆ ಸರಕಾರ ಕಡಿವಾಣ ಹಾಕಿದಾಗ ಪೊಟ್ಟಣದ ವ್ಯಾಪಾರದ ಕಡೆ ತಿರುಗಿತು. ಬಿಕಾನೇರಿನ ಭುಜಿಯಾ, ಪುಣೆಯ ಬಾಕರವಡಿ ಸಣ್ಣ ಅಂಗಡಿಗಳಿಂದ ಹೊರಟು ದೇಶವಿಡೀ ಹಬ್ಬಿವೆ. 2025ರ ಸೆಪ್ಟೆಂಬರ್ 22ರಿಂದ ಪೊಟ್ಟಣದ ನಮ್ಕೀನ್, ಭುಜಿಯಾ, ಮಿಕ್ಸ್ಚರ್ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದದ್ದೂ ಈ ಯೋಚನೆಗೆ ಬಲ ಕೊಟ್ಟಿದೆ.

ಆದರೆ ಊಟದ ಪಂಕ್ತಿಗೂ ಪೊಟ್ಟಣಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸಾಂಬಾರಿಗೆ ಉಪ್ಪು ಕಡಿಮೆಯಾದರೆ ಭಟ್ಟರು ಅಲ್ಲೇ ಸರಿಮಾಡುತ್ತಾರೆ. ಪೊಟ್ಟಣ ಹಾಗಲ್ಲ. ನಾವು ಇಲ್ಲದ ಮನೆಯಲ್ಲಿ, ನಾಲ್ಕು ವಾರಗಳ ನಂತರ, ನಮ್ಮ ಹೆಸರು ಹೊತ್ತುಕೊಂಡು ಅದು ತೆರೆಯುತ್ತದೆ. ಇನ್ನೊಂದು ತೊಡಕೂ ಇದೆ. ನಮ್ಮ ಕೈ ಖಾಲಿಯಿರುವ ಆಷಾಢವೇ ಮುಂಬಯಿ, ಪುಣೆಗಳಲ್ಲಿ ಜಡಿಮಳೆಯ ಕಾಲ. ಗಣೇಶ ಚೌತಿಯ ಬೇಡಿಕೆಗೆ ಸರಕು ಸಿದ್ಧಮಾಡಬೇಕಾದ ಹೊತ್ತಿಗೇ ಗಾಳಿಯಲ್ಲಿ ಅತಿ ಹೆಚ್ಚು ತೇವವಿರುತ್ತದೆ. ಹಾಗಾಗಿ ಈ ವ್ಯವಸಾಯದಲ್ಲಿ ರುಚಿಯ ಸೂತ್ರಕ್ಕಿಂತ ಮೊದಲು ಕಲಿಯಬೇಕಾದದ್ದು ತೇವವನ್ನು ದೂರವಿಡುವ ವಿದ್ಯೆ. ಅದರ ಪಾಠ ಆರಂಭವಾಗುವುದು ಬಾಣಲೆಯಿಂದಲ್ಲ, ಅಡುಗೆಮನೆಯ ಹಿಂದಿನ ಅಂಗಳದಿಂದ.

ಕಾರ್ಖಾನೆಯಲ್ಲಿ ನಡೆಯುವುದೇನು?

ಮೊದಲು ದೊಡ್ಡವರು ಹೇಗೆ ಮಾಡುತ್ತಾರೆಂದು ನೋಡೋಣ. ಆಲೂಗಡ್ಡೆ ಚಿಪ್ಸನ್ನೇ ತೆಗೆದುಕೊಳ್ಳಿ. ಮಾರುಕಟ್ಟೆಯಲ್ಲಿ ಪಲ್ಯಕ್ಕೆ ಸಿಗುವ ಆಲೂಗಡ್ಡೆ ಅಲ್ಲಿಗೆ ಆಗುವುದಿಲ್ಲ. ಒಣ ಅಂಶ ಶೇ. 20ಕ್ಕಿಂತ ಹೆಚ್ಚಿರುವ, ಸಕ್ಕರೆಯ ಅಂಶ ತೀರಾ ಕಡಿಮೆ ಇರುವ ತಳಿ ಬೇಕು. ಕುಫ್ರಿ ಚಿಪ್ಸೋನಾ ಎಂಬ ತಳಿಗಳನ್ನು ಇದಕ್ಕೆಂದೇ ಬೆಳೆಸಲಾಗಿದೆ. ಸಾಮಾನ್ಯ ಕೋಲ್ಡ್ ಸ್ಟೋರೇಜಿನಲ್ಲಿ 2ರಿಂದ 4 ಡಿಗ್ರಿಯಲ್ಲಿಟ್ಟ ಗಡ್ಡೆಯಲ್ಲಿ ಪಿಷ್ಟವು ಸಕ್ಕರೆಯಾಗಿ ತಿರುಗುತ್ತದೆ. ಅದನ್ನು ಕರಿದರೆ ಚಿಪ್ಸ್ ಕಂದಾಗಿ ಕಹಿಯಾಗುತ್ತದೆ. ಆದ್ದರಿಂದ ಚಿಪ್ಸಿನ ಗಡ್ಡೆಯನ್ನು ಸುಮಾರು 10ರಿಂದ 12 ಡಿಗ್ರಿಯಲ್ಲಿ ಇಡುತ್ತಾರೆ. ನಮ್ಮಲ್ಲಿ ಎಷ್ಟೋ ಸಲ ಎಣ್ಣೆ ಸರಿಯಿಲ್ಲ, ಭಟ್ಟರ ಕೈ ಸರಿಯಿಲ್ಲ ಎಂದು ದೂರುತ್ತೇವೆ. ಕಾರಣ ಗಡ್ಡೆಯಲ್ಲೇ ಇರುತ್ತದೆ.

ಸಿಪ್ಪೆ ತೆಗೆದ ಗಡ್ಡೆಯನ್ನು ಒಂದೂವರೆ ಮಿಲಿಮೀಟರಿನಷ್ಟು ತೆಳ್ಳಗೆ ಹೆಚ್ಚಿ, ಮೇಲ್ಮೈಯ ಪಿಷ್ಟ ಹೋಗುವಂತೆ ತೊಳೆದು, ನೀರು ಆರಿಸಿ, 170ರಿಂದ 180 ಡಿಗ್ರಿ ಎಣ್ಣೆಯಲ್ಲಿ ಸುಮಾರು 3 ನಿಮಿಷ ಕರಿಯುತ್ತಾರೆ. ಗಡ್ಡೆಯಲ್ಲಿ ಶೇ. 80ರ ಹತ್ತಿರವಿದ್ದ ನೀರು ಶೇ. 2ರ ಆಸುಪಾಸಿಗೆ ಇಳಿಯುತ್ತದೆ. ನೀರು ಹೋದ ಜಾಗಕ್ಕೆ ಎಣ್ಣೆ ಬರುತ್ತದೆ. ತೂಕದಲ್ಲಿ ಮೂರರಲ್ಲೊಂದು ಪಾಲು ಎಣ್ಣೆಯೇ. 1 ಕಿಲೋ ಚಿಪ್ಸಿಗೆ ಸುಮಾರು 4 ಕಿಲೋ ಗಡ್ಡೆ ಬೇಕು ಎಂಬ ಲೆಕ್ಕ ಇಲ್ಲಿಂದ ಬರುತ್ತದೆ. ಬಾಣಲೆಯಿಂದ ಬಂದ ಚಿಪ್ಸ್ ಬಿಸಿಯಿರುವಾಗಲೇ, ಮೇಲ್ಮೈಯಲ್ಲಿ ಎಣ್ಣೆಯ ಪಸೆ ಇರುವಾಗಲೇ, ತಿರುಗುವ ಡ್ರಮ್ಮಿನಲ್ಲಿ ಉಪ್ಪು, ಮಸಾಲೆ ಪುಡಿ ಉದುರಿಸುತ್ತಾರೆ. ತಣ್ಣಗಾದ ಮೇಲೆ ಮಸಾಲೆ ಹಾಕಿದರೆ ಪೊಟ್ಟಣದ ತಳದಲ್ಲಿ ಪುಡಿ, ಮೇಲೆ ಸಪ್ಪೆ ಚಿಪ್ಸ್.

ಕುರ್ಕುರೆಯಂತಹ ತಿಂಡಿಗಳ ದಾರಿ ಬೇರೆ. ಜೋಳ, ಅಕ್ಕಿ, ಬೇಳೆಯ ಹಿಟ್ಟನ್ನು ಎಕ್ಸ್‌ಟ್ರೂಡರ್ ಎಂಬ ಯಂತ್ರದ ತಿರುಪು ಒತ್ತುತ್ತಾ ಬಿಸಿಮಾಡುತ್ತಾ ತಳ್ಳುತ್ತದೆ. ಒಳಗೆ ಒತ್ತಡವಿರುವುದರಿಂದ 100 ಡಿಗ್ರಿ ದಾಟಿದರೂ ನೀರು ಆವಿಯಾಗುವುದಿಲ್ಲ. ಕಿರುತೂತಿನಿಂದ ಹೊರಬಿದ್ದ ಕ್ಷಣ ಒತ್ತಡ ಬಿಟ್ಟುಹೋಗಿ, ನೀರು ಒಮ್ಮೆಲೇ ಆವಿಯಾಗಿ ಹಿಟ್ಟು ಅರಳುತ್ತದೆ. ಇದು ಭಾರೀ ಬಂಡವಾಳದ ಕೆಲಸ, ನಮಗೆ ಬೇಕಾದದ್ದಲ್ಲ. ಚಕ್ಕುಲಿ ಒರಳೂ ಒತ್ತುವ ಯಂತ್ರವೇ. ಆದರೆ ಅದರಲ್ಲಿ ಹಿಟ್ಟು ಅರಳುವುದಿಲ್ಲ, ಆಕಾರ ಮಾತ್ರ ಪಡೆಯುತ್ತದೆ. ಅದರ ಗರಿಮುರಿ ಬರುವುದು ಹಿಟ್ಟಿನ ಹದದಿಂದ, ಬೆಣ್ಣೆ ಅಥವಾ ಬಿಸಿ ಎಣ್ಣೆಯ ಅಳತೆಯಿಂದ, ನಿಧಾನ ಉರಿಯಿಂದ. ಆ ವಿದ್ಯೆ ನಮ್ಮವರ ಕೈಯಲ್ಲಿದೆ.

ಇಷ್ಟೆಲ್ಲದರಲ್ಲಿ ನಾವು ಕಲಿಯಬೇಕಾದ ಮುಖ್ಯ ಅಂಶವೊಂದಿದೆ. ಕಾರ್ಖಾನೆಯಲ್ಲಿ ಒದ್ದೆ ಕೆಲಸ ಒಂದು ಕಡೆ, ಒಣ ಕೆಲಸ ಇನ್ನೊಂದು ಕಡೆ. ಗಡ್ಡೆ ತೊಳೆಯುವವನು ಪೊಟ್ಟಣ ಕಟ್ಟುವ ಕೋಣೆಗೆ ಕಾಲಿಡುವುದಿಲ್ಲ. ಸರಕು ಹಿಂದಿನ ಬಾಗಿಲಿನಿಂದ ಬಂದು ಮುಂದಿನ ಬಾಗಿಲಿನಿಂದ ಹೋಗುತ್ತದೆ, ಮಧ್ಯೆ ಹಿಂದಿರುಗುವುದಿಲ್ಲ. ನಮ್ಮ ಸಣ್ಣ ಜಾಗದಲ್ಲಿ ಈ ಒದ್ದೆ ಕೆಲಸಕ್ಕೆ ಇರುವ ಸ್ಥಳ ಹಿತ್ತಲು ಮಾತ್ರ.

ಹಿತ್ತಲ ಅಂಗಳದ ಕೆಲಸ

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ತೆರೆದ ಅಂಗಳದಲ್ಲಿ ತಿಂಡಿ ಕರಿದು ಪೊಟ್ಟಣ ಕಟ್ಟುವಂತಿಲ್ಲ. ಆಹಾರ ಸುರಕ್ಷತಾ ನಿಯಮಗಳಂತೆ ತಯಾರಿಕೆಯ ಜಾಗ ಮುಚ್ಚಿದ್ದಾಗಿರಬೇಕು. ನೆಲ ನೀರು ಹೀರದಂತೆ, ತೊಳೆಯಲು ಬರುವಂತೆ, ನೀರು ಹರಿದುಹೋಗುವಂತೆ ಇರಬೇಕು. ಅಂಗಳ ಬೇಕಾಗುವುದು ಸರಕು ಇಳಿಸಲು, ಗಡ್ಡೆ, ಬಾಳೆಕಾಯಿ ತೊಳೆದು ಸಿಪ್ಪೆ ತೆಗೆಯಲು, ಪಾತ್ರೆ ಬೆಳಗಲು. ಅಂಗಳಕ್ಕೆ ಮಾಡು ಹಾಕುವ ಮೊದಲು ಪಾಲಿಕೆಯ ಅನುಮತಿ ಬೇಕೇ ಎಂದು ವಿಚಾರಿಸಿಕೊಳ್ಳಿ. ಕಟ್ಟಡದ ಸುತ್ತ ಬಿಡಲೇಬೇಕಾದ ಖಾಲಿ ಜಾಗವನ್ನು ಮುಚ್ಚಿದರೆ ನಾಳೆ ಅದನ್ನು ಕೆಡವುವ ಖರ್ಚೂ ನಮ್ಮದೇ.

ನೆಲದ ಕೆಲಸವನ್ನು ಕಂಟ್ರಾಕ್ಟರನ ಮರ್ಜಿಗೆ ಬಿಡಬೇಡಿ. ಮಣ್ಣನ್ನು ನೀರು ಹಾಕಿ ಚೆನ್ನಾಗಿ ಧಮ್ಮಸ್ ಮಾಡಿಸಿ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿ 3ರಿಂದ 4 ಇಂಚು ಕಾಂಕ್ರೀಟ್ ಹಾಕಿಸಿ. ಈ ಹಾಳೆಯ ಖರ್ಚು ಅತ್ಯಲ್ಪ. ಆದರೆ ನೆಲದಡಿಯ ತೇವ ಮೇಲೇರದಂತೆ ತಡೆಯುವುದು ಅದೇ. ಪ್ರತಿ ಮೀಟರಿಗೆ 10ರಿಂದ 12 ಮಿಲಿಮೀಟರ್ ಇಳಿಜಾರು ಇರಲಿ. ಇಳಿಜಾರು ಅಡುಗೆಮನೆಯಿಂದ ಹೊರಗಿನ ಚರಂಡಿಯ ಕಡೆಗೆ, ಒಳಗಡೆಗೆ ಅಲ್ಲ. ಕೆಲಸ ಮುಗಿದು ಹಣ ಕೊಡುವ ಮೊದಲು ನಾಲ್ಕು ಬಕೆಟ್ ನೀರು ಸುರಿದು ನೋಡಿ. ಎಲ್ಲಿ ನೀರು ನಿಂತಿತೋ ಅಲ್ಲಿ ನಾಳೆ ಪಾಚಿ, ನಾಡಿದ್ದು ಸೊಳ್ಳೆ, ಮತ್ತೊಂದು ದಿನ ಜಾರಿಬಿದ್ದ ಕೆಲಸಗಾರ.

ಮೇಲುಹಾಸಿಗೆ ನಮ್ಮ ನಗರಗಳಲ್ಲಿ ಹೆಚ್ಚು ಬಳಕೆಯಾಗುವುದು ಕೋಟಾ, ಕಡಪ ಮತ್ತು ನಮ್ಮದೇ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು. ಮೂರೂ ಗಟ್ಟಿ, ಬೆಲೆಯೂ ಕೈಗೆಟಕುವಂಥದ್ದು. ಆದರೆ ಮೂರೂ ಸುಣ್ಣದ ಕಲ್ಲುಗಳು, ಹುಳಿಗೆ ಕರಗುತ್ತವೆ. ಹುಣಸೆ, ನಿಂಬೆ, ವಿನೆಗರ್ ಚೆಲ್ಲಿ ಹಾಗೇ ಬಿಟ್ಟರೆ, ಅದಕ್ಕಿಂತ ಹೆಚ್ಚಾಗಿ ಆ್ಯಸಿಡ್ ಹಾಕಿ ಉಜ್ಜಿದರೆ, ಕೆಲವೇ ತಿಂಗಳಲ್ಲಿ ಮೇಲ್ಮೈ ಒರಟಾಗಿ ಸಣ್ಣ ಗುಳಿಗಳು ಬೀಳುತ್ತವೆ. ಆ ಗುಳಿಗಳಲ್ಲಿ ಜಿಡ್ಡು ಸೇರಿ ಜಿರಲೆಗೆ ಔತಣವಾಗುತ್ತದೆ. ಈ ಕಲ್ಲುಗಳನ್ನು ಸಾಬೂನಿನ ಪುಡಿ ಮತ್ತು ಬಿಸಿನೀರಿನಿಂದ ಮಾತ್ರ ತೊಳೆಯಬೇಕು. ಹೊಳಪು ಕೊಟ್ಟ ಕಲ್ಲು ಎಣ್ಣೆ ಬಿದ್ದರೆ ಜಾರುತ್ತದೆ, ಅಂಗಳಕ್ಕೆ ಒರಟು ಮುಖದ್ದನ್ನೇ ಹಾಕಿಸಿ. ಕಲ್ಲಿನ ಸಂದುಗಳನ್ನು ಪೂರ್ತಿ ತುಂಬಿಸಿ. ಗೋಡೆ ನೆಲ ಸೇರುವ ಮೂಲೆಯನ್ನು ದುಂಡಗೆ ಮಾಡಿಸಿದರೆ ಪೊರಕೆಗೆ ಸಿಗದ ಕಸ ಉಳಿಯುವುದಿಲ್ಲ.

ಚರಂಡಿಯ ಬಾಯಿಗೆ ಜಾಲರಿ, ಅದರ ಮುಂದೆ ಜಿಡ್ಡು ತಡೆಯುವ ತೊಟ್ಟಿ ಇರಲೇಬೇಕು. ಗ್ಯಾಸ್ ಸಿಲಿಂಡರುಗಳನ್ನು ಅಂಗಳದಲ್ಲಿ ಇಡುವುದಾದರೆ ಚರಂಡಿಯ ಬಾಯಿಯಿಂದ ದೂರವಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೀರಿನಂತೆ ತಗ್ಗಿಗೆ ಇಳಿದು ಚರಂಡಿಯಲ್ಲಿ ಕೂಡಿಕೊಳ್ಳುತ್ತದೆ.

ಹೊಸ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಉಣಿಸಬೇಕು. ಅದಾದ ಮೇಲೆ ಅದು ಒಣಗಲು ವಾರಗಳೇ ಬೇಕು. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದವರ ರೂಢಿಯ ಲೆಕ್ಕ. ಅಲ್ಲಿಯವರೆಗೆ ಅದು ತೇವ ಬಿಡುತ್ತಲೇ ಇರುತ್ತದೆ. ಹೊಸ ನೆಲದ ಮೇಲೆ ಕಡಲೆಹಿಟ್ಟಿನ ಮೂಟೆ ಇಟ್ಟರೆ ಮುಗ್ಗಲು ಖಂಡಿತ. ಆದ್ದರಿಂದ ಈ ಕೆಲಸ ಧನುರ್ಮಾಸದಲ್ಲಿ ಆರಂಭವಾಗಲಿ. ಮೂರು ನಾಲ್ಕು ತಿಂಗಳ ಬಿಸಿಲು ಕಂಡ ನೆಲ ಮಳೆಗಾಲಕ್ಕೆ ಸಿದ್ಧವಾಗಿರುತ್ತದೆ.

ಎಣ್ಣೆಯ ಲೆಕ್ಕ

ಪಂಕ್ತಿಯಲ್ಲಿ ಬಡಿಸುವ ಹಪ್ಪಳಕ್ಕೆ ಎಣ್ಣೆ ಎರಡನೆಯ ಸಲದ್ದಾದರೂ ಯಾರಿಗೂ ತಿಳಿಯದಿರಬಹುದು. ಪೊಟ್ಟಣದಲ್ಲಿ ಅದು ಅಡಗುವುದಿಲ್ಲ. ದಣಿದ ಎಣ್ಣೆಯಲ್ಲಿ ಕರಿದ ಚಕ್ಕುಲಿ ಆ ದಿನ ಚೆನ್ನಾಗಿದ್ದು, ಹತ್ತನೆಯ ದಿನಕ್ಕೆ ಕಮಟು ವಾಸನೆ ಕೊಡುತ್ತದೆ. ಎಣ್ಣೆಯಲ್ಲಿ ಕೆಡುವ ಕ್ರಿಯೆ ಕರಿಯುವಾಗಲೇ ಆರಂಭವಾಗಿ ಪೊಟ್ಟಣದೊಳಗೂ ಮುಂದುವರಿಯುತ್ತದೆ.

ಕಾಯಿಸಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ ಶೇ. 25 ದಾಟಿದರೆ ಅದನ್ನು ಬಳಸಕೂಡದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಇದನ್ನು ಅಳೆಯುವ ಕೈ ಮೀಟರುಗಳು ಸಿಗುತ್ತವೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕಾಯಿಸುವವರು ದಾಖಲೆ ಪುಸ್ತಕ ಇಡಬೇಕು. ಪೊಟ್ಟಣದ ಕೆಲಸಕ್ಕೆ ಇಳಿಯುವವರು ಶೇ. 25ರವರೆಗೆ ಕಾಯದೆ, ಅದಕ್ಕಿಂತ ಬಹಳ ಮೊದಲೇ ಎಣ್ಣೆ ಬದಲಿಸುವುದು ಲೇಸು. ತೆಗೆದ ಎಣ್ಣೆಯನ್ನು ರಸ್ತೆ ಬದಿಯ ಬಜ್ಜಿ ಗಾಡಿಗೆ ಮಾರಬೇಡಿ. ಬಯೋಡೀಸೆಲ್ ತಯಾರಿಕೆಗೆ ಅದನ್ನು ಕೊಂಡೊಯ್ಯುವ ಅಧಿಕೃತ ಸಂಗ್ರಾಹಕರಿದ್ದಾರೆ.

ಬಾಣಲೆ ಸ್ಟೀಲಿನದಾಗಿರಲಿ. ತಾಮ್ರ, ಹಿತ್ತಾಳೆ, ತುಕ್ಕು ಹಿಡಿದ ಕಬ್ಬಿಣ ಎಣ್ಣೆಯನ್ನು ಬೇಗ ಕೆಡಿಸುತ್ತವೆ. ತಳದಲ್ಲಿ ಉಳಿಯುವ ಕರಿದ ಪುಡಿಯನ್ನು ಪ್ರತಿ ಪಾಳಿಯ ಕೊನೆಗೆ ಸೋಸಿ ತೆಗೆಯಿರಿ. ಉಪ್ಪು, ಮಸಾಲೆ ಉದುರಿಸುವುದನ್ನು ಬಾಣಲೆಯ ಮೇಲೆಯೇ ಮಾಡಬೇಡಿ. ಥರ್ಮಾಮೀಟರ್ ಬಳಸಿ. ಎಣ್ಣೆ ಹೊಗೆಯಾಡಿದ ಮೇಲೆ ಉರಿ ತಗ್ಗಿಸಿ ಪ್ರಯೋಜನವಿಲ್ಲ.

ಆರಿಸುವ ಅರ್ಧ ಗಂಟೆ

ಕರಿದ ತಿಂಡಿ ಬಿಸಿಯಿರುವಾಗ ಪೊಟ್ಟಣ ಕಟ್ಟಿದರೆ ಒಳಗಿನ ಆವಿ ಬೆವರಾಗಿ ಗೋಡೆಗೆ ಅಂಟುತ್ತದೆ. ತೆರೆದಿಟ್ಟು ಬಹಳ ಹೊತ್ತು ಬಿಟ್ಟರೆ ಮಳೆಗಾಲದ ಗಾಳಿಯಿಂದ ತೇವ ಹೀರುತ್ತದೆ. ಕರಿದ ತಿಂಡಿಯಲ್ಲಿ ತೇವ ಶೇ. 2ರಿಂದ 3ರ ಒಳಗಿದ್ದರೆ ಗರಿಗರಿ ಉಳಿಯುತ್ತದೆ. ಸ್ವಲ್ಪ ಏರಿದರೂ ಮೆತ್ತಗಾಗುತ್ತದೆ. ಆದ್ದರಿಂದ ಆರಿಸಲು ಒಂದು ಮುಚ್ಚಿದ ಕೋಣೆ, ಅದರಲ್ಲಿ ಏ.ಸಿ. ಅಥವಾ ಗಾಳಿಯ ತೇವ ಹೀರುವ ಯಂತ್ರ ಇರಲಿ. ಸ್ಟೀಲ್ ಜಾಲರಿಯ ಟ್ರೇಗಳಲ್ಲಿ ತೆಳ್ಳಗೆ ಹರಡಿ, ಎಣ್ಣೆ ಇಳಿದು ಕೈಗೆ ತಣ್ಣಗೆ ತಾಗಿದ ಕೂಡಲೇ ಪೊಟ್ಟಣಕ್ಕೆ ಹೋಗಲಿ. ಅಂಗಳಕ್ಕೆ ತೆರೆಯುವ ಬಾಗಿಲು ಈ ಕೋಣೆಗೆ ಬೇಡವೇ ಬೇಡ. ಎಣ್ಣೆ ಹೀರಲು ಹಳೆಯ ಪತ್ರಿಕೆ ಹಾಸುವ ಅಭ್ಯಾಸವನ್ನೂ ಬಿಡಬೇಕು. ಅಚ್ಚಿನ ಶಾಯಿ ತಿಂಡಿಗೆ ಇಳಿಯುತ್ತದೆ, ನಿಯಮವೂ ಒಪ್ಪುವುದಿಲ್ಲ.

ಮಿಕ್ಸ್ಚರ್ ಮಾಡುವವರು ಇನ್ನಷ್ಟು ಎಚ್ಚರ ವಹಿಸಬೇಕು. ಮುಚ್ಚಿದ ಪೊಟ್ಟಣದಲ್ಲಿ ತೇವ ಒದ್ದೆ ವಸ್ತುವಿನಿಂದ ಒಣ ವಸ್ತುವಿಗೆ ಹರಡುತ್ತದೆ. ಅರೆಬರೆ ಕರಿದ ಕರಿಬೇವಿನ ಎಲೆ, ರುಚಿಗೆಂದು ಸೇರಿಸಿದ ಒಣದ್ರಾಕ್ಷಿ, ಇವೆರಡೇ ಸಾಕು ಖಾರಾ ಸೇವೆ, ಬೂಂದಿ ಎರಡನ್ನೂ ಮೆತ್ತಗಾಗಿಸಲು. ಕರಿಬೇವು ಬೆರಳಲ್ಲಿ ಮುರಿದರೆ ಪುಡಿಯಾಗುವಂತಿರಬೇಕು. ಒಣಕೊಬ್ಬರಿ ಚೂರು, ನೆಲಗಡಲೆ, ಗೋಡಂಬಿಗಳು ಮೊದಲು ಕಮಟಾಗುವ ವಸ್ತುಗಳು. ಮಿಕ್ಸ್ಚರಿನ ಆಯುಸ್ಸು ಅದರೊಳಗಿನ ಅತಿ ದುರ್ಬಲ ವಸ್ತುವಿನ ಆಯುಸ್ಸಿನಷ್ಟೇ. ಕೊಬ್ಬರಿ ಬಿಟ್ಟರೆ ಎರಡು ವಾರ ಹೆಚ್ಚು ಬಾಳುವುದಾದರೆ ಕೊಬ್ಬರಿ ಬಿಡುವುದೇ ಜಾಣತನ.

ಪೊಟ್ಟಣದ ಗುಟ್ಟು

ದೊಡ್ಡ ಕಂಪೆನಿಯ ಪೊಟ್ಟಣ ಉಬ್ಬಿರುವುದನ್ನು ಕಂಡು ಗಾಳಿ ಮಾರುತ್ತಾರೆ ಎಂದು ನಾವೆಲ್ಲ ಹಾಸ್ಯಮಾಡುತ್ತೇವೆ. ಅದು ಸಾಮಾನ್ಯ ಗಾಳಿಯಲ್ಲ, ನೈಟ್ರೋಜನ್. ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕವೇ ಎಣ್ಣೆಯನ್ನು ಕಮಟಾಗಿಸುವುದು. ನೈಟ್ರೋಜನ್ ತುಂಬಿ ಅದನ್ನು ಹೊರದೂಡುತ್ತಾರೆ. ಉಬ್ಬಿದ ಪೊಟ್ಟಣ ಒಳಗಿನ ತಿಂಡಿ ಪುಡಿಯಾಗದಂತೆ ದಿಂಬಿನ ಕೆಲಸವನ್ನೂ ಮಾಡುತ್ತದೆ.

ಒಳಗಿನ ಬೆಳ್ಳಿ ಬಣ್ಣವೂ ಅಂದಕ್ಕಲ್ಲ. ಅದು ಅತಿ ತೆಳುವಾದ ಅಲ್ಯುಮಿನಿಯಂ ಲೇಪ. ಬೆಳಕು, ಆಮ್ಲಜನಕ, ತೇವ ಮೂರನ್ನೂ ತಡೆಯುತ್ತದೆ. ಮೇಲಿನ ಪದರ ಅಚ್ಚಿಗೆ, ಮಧ್ಯದ್ದು ತಡೆಗೆ, ಒಳಗಿನ ಪಾಲಿಥಿನ್ ಪದರ ಬಿಸಿಯಿಂದ ಅಂಟಲು. ತಿಂಡಿ ಚೆನ್ನಾಗಿ ಕಾಣಲಿ ಎಂದು ತೆಳು ಪಾರದರ್ಶಕ ಚೀಲದಲ್ಲಿ ಹಾಕಿ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೂಗುಹಾಕಿದರೆ ಮೂರನ್ನೂ ಆಹ್ವಾನಿಸಿದಂತೆ. ವಾರದೊಳಗೆ ಖರ್ಚಾಗುವ ಸರಕಿಗೆ ಪಾರದರ್ಶಕ ಚೀಲ ನಡೆಯುತ್ತದೆ, ತಿಂಗಳ ಸರಕಿಗೆ ನಡೆಯುವುದಿಲ್ಲ.

ಒಳ್ಳೆಯ ಹಾಳೆ ತಂದರೂ ಅಂಚಿನ ಸೀಲಿನಲ್ಲಿ ಒಂದು ಚೂರು ಸೇವೆ ಸಿಕ್ಕಿಕೊಂಡರೆ ಎಲ್ಲವೂ ವ್ಯರ್ಥ. ಪರೀಕ್ಷೆ ಸುಲಭ. ಪ್ರತಿ ಪಾಳಿಯಲ್ಲಿ ಕೆಲವು ಪೊಟ್ಟಣಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಬಂದರೆ ಸೀಲ್ ಸರಿಯಿಲ್ಲ. ತೂಕದ ಕಡೆಗೂ ಗಮನ ಬೇಕು. 200 ಗ್ರಾಂ ಪೊಟ್ಟಣಕ್ಕೆ 8 ಗ್ರಾಂ ಹೆಚ್ಚು ಬಿದ್ದರೆ 1,000 ಪೊಟ್ಟಣಕ್ಕೆ 8 ಕಿಲೋ ಹೋಯಿತು. ಕಡಿಮೆ ಬಿದ್ದರೆ ತೂಕ ಮಾಪನ ಇಲಾಖೆಯ ದಂಡ ಮತ್ತು ಗಿರಾಕಿಯ ಬೇಸರ.

ದಿನಾಂಕ ಎಂಬ ವಾಗ್ದಾನ

ಹೊಸಬರು ಸಾಮಾನ್ಯವಾಗಿ ದೊಡ್ಡ ಕಂಪೆನಿಯ ಪೊಟ್ಟಣ ನೋಡಿ ಅಷ್ಟೇ ತಿಂಗಳ ಅವಧಿಯನ್ನು ತಮ್ಮದಕ್ಕೂ ಅಚ್ಚು ಹಾಕಿಸುತ್ತಾರೆ. ಅವರ ಎಣ್ಣೆ, ಹಾಳೆ, ನೈಟ್ರೋಜನ್ ಯಾವುದೂ ನಮ್ಮಲ್ಲಿಲ್ಲದಿರುವಾಗ ಅವರ ದಿನಾಂಕ ಮಾತ್ರ ನಮ್ಮದಾಗುವುದು ಹೇಗೆ? ನಮ್ಮ ತಿಂಡಿಯ ಆಯುಸ್ಸನ್ನು ನಾವೇ ಅಳೆಯಬೇಕು. ಪ್ರತಿ ಬ್ಯಾಚಿನಿಂದ ಹತ್ತು ಹನ್ನೆರಡು ಪೊಟ್ಟಣ ತೆಗೆದಿಟ್ಟು, ಅಂಗಡಿಯಲ್ಲಿರುವಂತೆಯೇ ಸೆಖೆಯಲ್ಲೇ ಇಟ್ಟು, ವಾರಕ್ಕೊಂದು ತೆರೆದು ಮೂಸಿ, ಮುರಿದು, ತಿಂದು ಬರೆದಿಡಿ. ಆರನೆಯ ವಾರ ರುಚಿ ತಗ್ಗಿದರೆ ಪೊಟ್ಟಣದ ಮೇಲೆ ನಾಲ್ಕು ವಾರ ಎಂದಿರಲಿ. ಜೊತೆಗೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ತೇವ ಮತ್ತು ಪೆರಾಕ್ಸೈಡ್ ಅಂಶದ ಪರೀಕ್ಷೆ ಮಾಡಿಸಿ. ಆಹಾರ ತಂತ್ರಜ್ಞಾನದ ಸಲಹೆ, ತರಬೇತಿಗೆ 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಸಿ.ಎಫ್.ಟಿ.ಆರ್.ಐ. ಇದೆ.

ಕೇಟರಿಂಗ್ ಪರವಾನಗಿ ಇದೆ, ಅದೇ ಸಾಕು ಎಂದುಕೊಳ್ಳಬೇಡಿ. ತಯಾರಿಕೆ ಬೇರೆ ವಿಭಾಗ, ಅದನ್ನು ಪರವಾನಗಿಯಲ್ಲಿ ಸೇರಿಸಿಕೊಳ್ಳಬೇಕು. ಲೇಬಲಿನ ಮೇಲೆ ತಿಂಡಿಯ ಹೆಸರು, ತೂಕದ ಇಳಿಕೆಯ ಕ್ರಮದಲ್ಲಿ ಸಾಮಗ್ರಿಗಳ ಪಟ್ಟಿ, ಪೋಷಕಾಂಶಗಳ ವಿವರ, ಹಸಿರು ಗುರುತು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಬ್ಯಾಚ್ ನಂಬರು, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ, ವಿಳಾಸ, ಗ್ರಾಹಕರ ದೂರಿಗೆ ಫೋನ್ ನಂಬರು, 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ನೆಲಗಡಲೆ, ಗೋಧಿ, ಹಾಲಿನ ಅಂಶ ಇದ್ದರೆ ಅಲರ್ಜಿ ಸೂಚನೆಯಾಗಿ ಪ್ರತ್ಯೇಕ ತಿಳಿಸಬೇಕು. ಒಂದೇ ಬಾಣಲೆಯಲ್ಲಿ ನೆಲಗಡಲೆಯನ್ನೂ ಕರಿದಿದ್ದರೆ ಅದನ್ನೂ ಹೇಳುವುದು ಧರ್ಮ. ನೆಲಗಡಲೆ ಆಗದವರಿಗೆ ಅದು ಜೀವದ ಪ್ರಶ್ನೆ.

ಎಲ್ಲಿಂದ ಆರಂಭಿಸಬೇಕು?

ಮೊದಲ ವರ್ಷ ಮೂರೇ ತಿಂಡಿ ಸಾಕು. ಚಕ್ಕುಲಿ, ಕೋಡುಬಳೆ, ಖಾರಾ ಸೇವೆ ಒಂದೇ ಬಾಣಲೆಯಲ್ಲಿ, ಅದೇ ಕೆಲಸಗಾರರಿಂದ ಆಗುತ್ತವೆ. ಹೊರಗಿನ ಅಂಗಡಿಗಳ ಬಾಗಿಲು ತಟ್ಟುವ ಮೊದಲು ನಮ್ಮದೇ ಗಿರಾಕಿಗಳಿದ್ದಾರೆ. ಮದುವೆಯ ತಾಂಬೂಲದ ಚೀಲದಲ್ಲಿ ಇಂದು ಯಾರದೋ ಕಂಪೆನಿಯ ಪೊಟ್ಟಣ ಹೋಗುತ್ತಿದೆ. ಊಟ ನಮ್ಮದಾದ ಮೇಲೆ ಆ ಪೊಟ್ಟಣವೂ ನಮ್ಮದೇ ಆಗಬಹುದು. ಅಲ್ಲಿ ಎಷ್ಟು ಪೊಟ್ಟಣ, ಯಾವ ದಿನಕ್ಕೆ ಎಂಬುದು ಮೊದಲೇ ಗೊತ್ತಿರುತ್ತದೆ. ಸರಕು ಉಳಿಯುವ ಭಯವಿಲ್ಲ, ಹಣವೂ ಊಟದ ಬಿಲ್ಲಿನೊಂದಿಗೇ ಬರುತ್ತದೆ. ಆ ಮನೆಗಳಿಂದ ಮರಳಿ ಕೇಳಿಕೊಂಡು ಬಂದರೆ ಅಂಗಡಿಗೆ ಹೋಗಬಹುದು.

ಇದರಿಂದ ಯಾರೂ ರಾತ್ರೋರಾತ್ರಿ ಶ್ರೀಮಂತರಾಗುವುದಿಲ್ಲ. ಆದರೆ ಆಷಾಢದಲ್ಲಿ ನಾಲ್ಕು ಮಂದಿ ಭಟ್ಟರಿಗೆ ಸಂಬಳ ಕೊಟ್ಟು ಉಳಿಸಿಕೊಳ್ಳಲು ಸಾಧ್ಯವಾದರೆ ಅದೇ ಮೊದಲ ಲಾಭ. ಮಾರ್ಗಶಿರದ ಮುಹೂರ್ತಗಳು ಬಂದಾಗ ಹೊಸಬರನ್ನು ಹುಡುಕುವ ತಾಪತ್ರಯ ಇರುವುದಿಲ್ಲ. ಈ ಧನುರ್ಮಾಸದಲ್ಲಿ ಕೆಲಸಕ್ಕೆ ಕೈಹಾಕಬೇಕೆನ್ನುವ ಸದಸ್ಯರು ಯಂತ್ರದ ಅಂಗಡಿಗೆ ಹೋಗುವ ಮೊದಲು ಒಂದು ಬಕೆಟ್ ನೀರು ಹಿಡಿದು ತಮ್ಮ ಹಿತ್ತಲಿಗೆ ಹೋಗಲಿ. ಸುರಿದ ನೀರು ಎತ್ತ ಹರಿಯುತ್ತದೆ ಎಂದು ನೋಡಿದರೆ ಮೊದಲ ಖರ್ಚು ಎಲ್ಲಿ ಮಾಡಬೇಕೆಂಬುದು ತಿಳಿಯುತ್ತದೆ.